ತಂತಿ ಮೀಟಿದಾಗ ಮಾತ್ರ ಬರೋ ಗುರ್ ಸದ್ದು

ನಾನು ಹುಬ್ಬಳ್ಳ್ಯಾಗ ಆಂಪ್ಲಿಫಾಯರ್, ಮಿಕ್ಸರ್ ರಿಪೇರಿ ಮಾಡೋ ಅಂಗಡ್ಯಾಗ ಕೆಲಸ ಮಾಡ್ತೀನಿ. ಗಣಪತಿ ಹಬ್ಬದ ಸೀಜನ್ ಮುಗಿದು ಟೇಬಲ್ ಸ್ವಲ್ಪ ಖಾಲಿ ಇತ್ತು, ಧಾರವಾಡದಿಂದ ಗಿಟಾರ್ ಬಾರಿಸೋ ಹುಡುಗ ಒಬ್ಬ ಬಂದು "ಅಣ್ಣಾರ, ಗಿಟಾರ್ ಆಂಪ್ ನಡುವ ಕಾಲಿಲೆ ಒತ್ತೋ ಟ್ರೆಮೊಲೊ ಪೆಡಲ್ ಒಂದು ಮಾಡಿಕೊಡ್ರಿ, ಹಳೇ ಆಂಪ್‌ನ್ಯಾಗ ಬರ್ತಿತ್ತಲ್ರಿ ಹಂಗ ಮೆತ್ತಗ ಏರಿ ಇಳೀಬೇಕು" ಅಂದ.

ಟ್ರೆಮೊಲೊ ಅಂದ್ರ ವಾಲ್ಯೂಮ್ ಏರಿಳಿಯೋದು, ಸ್ವರ ಅಲುಗಾಡೋದಲ್ಲ. 1960ರ ದಶಕದ ಕೆಲವು ಫೆಂಡರ್ ಗಿಟಾರ್ ಆಂಪ್ ಮ್ಯಾಲ ವೈಬ್ರೆಟೊ (ಸ್ವರ ಅಲುಗಾಡೋದು) ಅಂತ ಬರದಿರ್ತಾರ, ಖರೇ ಅಂದ್ರ ಅದು ಟ್ರೆಮೊಲೊನ, ಒಳಗ ಸಣ್ಣ ನಿಯಾನ್ ಬಲ್ಬ್ ಒಂದು ಎಲ್‌ಡಿಆರ್ ಎದುರಿಗೆ ಮಿಣುಕ್ತಿರ್ತೈತಿ. ಬೀದಿ ದೀಪ ಸಂಜೀಕ ತಾವಾಗೇ ಹತ್ತೋದಕ್ಕ ಹಾಕ್ತಾರಲ್ಲ, ಅದ ಎಲ್‌ಡಿಆರ್, ಬೆಳಕು ಬಿದ್ದಷ್ಟು ಅದರ ರೆಸಿಸ್ಟೆನ್ಸ್ (ತಡೆ) ಕಡಿಮಿ ಆಗತೈತಿ. ನಾನು ನಿಯಾನ್ ಬದಲಿ ಎಲ್‌ಇಡಿ ಹಾಕಿದೆ, ಅದನ್ನ ಏರಿಸಿ ಇಳಸಾಕ ಟಿಎಲ್072 ಐಸಿ. ಸಿಗ್ನಲ್ ದಾರ್ಯಾಗ 47 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಗ್ರೌಂಡಿಗೆ ಎಲ್‌ಡಿಆರ್. ಬೆಳಕು ಬಿದ್ರ ಸದ್ದು ಗ್ರೌಂಡಿಗೆ ಹರದು ಹೋಗತೈತಿ, ಕತ್ತಲಾದ್ರ ಪೂರ್ತಿ ಹೊರಗ ಬರತೈತಿ.

ಹಚ್ಚಿ ನೋಡಿದ್ರ ಗುರ್ ಗುರ್. ಗಿಟಾರ್ ಸುಮ್ಮನಿದ್ದಾಗ ಏನೂ ಇಲ್ಲ, ತಂತಿ ಮೀಟಿದ ಕೂಡ್ಲೇ ಸ್ವರದ ಜೋಡಿ ಒರಟು ಗುರ್ ಸದ್ದು, ಮ್ಯಾಲ ಏರಿಳಿತನೂ ಅರ್ಧಾ ಇಲ್ಲ. ನಾನು ಅರ್ಥಿಂಗ್ ದೋಷ ಅಂತ ತಿಳ್ಕೊಂಡು ಎರಡು ದಿನ ಎಲ್ಲಾ ಜಾಯಿಂಟ್ ಬಿಚ್ಚಿ ಮತ್ತ ಸೋಲ್ಡರ್ ಮಾಡಿದೆ, ಶೀಲ್ಡ್ ವೈರ್ ಬದಲಿ ಮಾಡಿದೆ, ಏನೂ ಫರಕ್ ಆಗಲಿಲ್ಲ.

ಮೂರನೇ ದಿನ ಸಂಜೀಕ ಕರೆಂಟ್ ಹೋತು. ಪೆಡಲ್ 9 ವೋಲ್ಟ್ ಬ್ಯಾಟರಿ ಮ್ಯಾಲ ಇತ್ತು, ಸಣ್ಣ ಪ್ರಾಕ್ಟೀಸ್ ಆಂಪೂ ಬ್ಯಾಟರಿದು, ಕತ್ತಲ್ಯಾಗ ಹಂಗ ಒಂದ್ಸಲ ತಂತಿ ಎಳದೆ. ಎಷ್ಟು ಚಂದ ಏರಿ ಇಳೀತು! ಮೊದಲ ಕರೆಂಟಿನ ದೋಷನ ಅಂದ್ಕೊಂಡೆ, ಆದ್ರ ಸರ್ಕಿಟ್ ನೋಡಾಕ ಮೊಬೈಲ್ ಟಾರ್ಚ್ ಹಿಡದ್ರ ಸದ್ದು ಕುಸೀತು, ಟಾರ್ಚ್ ತಗದ್ರ ಬಂತು. ಆವಾಗ ತಿಳೀತು, ಹೊರಗಿನ ಬೆಳಕು ಎಲ್‌ಡಿಆರ್ ಮ್ಯಾಲ ಸೋರಾಕತ್ತಿತ್ತು. ಕರೆಂಟ್ ಬಂದ ಮ್ಯಾಲ ಎಲ್‌ಡಿಆರ್‌ನ ಒಂದು ಕಾಲು ಬಿಚ್ಚಿ ಮೀಟರ್ ಹಚ್ಚಿದೆ, ಬೆಳಕು ತಡಿಯೋ ಸ್ಲೀವ್ (ಕೊಳವಿ) ಒಳಗಿದ್ರೂ ಟ್ಯೂಬ್‌ಲೈಟ್ ಕೆಳಗ 40 ಕಿಲೋಓಮ್, ಅಂಗೈಲೆ ಮುಚ್ಚಿದ್ರ ಅಂಕಿ ಏರ್ಕೋತನ ಹೋತು. ಚೋಕ್ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕ್ತೈತಿ, ನಮ್ಮ ಕಣ್ಣಿಗೆ ಕಾಣಂಗಿಲ್ಲ, ಎಲ್‌ಡಿಆರ್‌ಗೆ ಕಾಣತೈತಿ, ಆ ಮಿಣುಕನ್ನ ಸ್ವರಕ್ಕ ಹಚ್ಚಿ ಬಿಡ್ತೈತಿ. ಅದಕ್ಕ ಸ್ವರ ಇದ್ದಾಗ ಮಾತ್ರ ಗುರ್. ಅರ್ಥಿಂಗ್ ಹಮ್ ಆಗಿದ್ರ ಗಿಟಾರ್ ಸುಮ್ಮನಿದ್ದಾಗೂ ಕೇಳಬೇಕಿತ್ತು, ಈ ಒಂದು ಗುರುತು ಮೊದಲನ ಹಿಡದಿದ್ರ ಎರಡು ದಿನ ಉಳೀತಿದ್ವು.

ಕರೀ ಶ್ರಿಂಕ್ ಸ್ಲೀವ್ ಎರಡು ಪದರ ಹಾಕಿ, ಕಾಲು ಹೊರಗ ಬರೋ ಎರಡೂ ತುದಿ ಕರೀ ಟೇಪ್ ಸುತ್ತಿ ಬಂದ್ ಮಾಡಿದೆ. ಹಾಟ್ ಗ್ಲೂ ಮಾತ್ರ ಹಾಕಬ್ಯಾಡ್ರಿ, ಅದು ಬೆಳಕು ದಾಟಸ್ತೈತಿ. ಎಲ್‌ಡಿಆರ್ ಬೆಳಕಿಗೆ ಲಗೂನ ಬಗ್ಗತೈತಿ, ಕತ್ತಲಿಗೆ ನಿಧಾನ, ಸ್ಪೀಡ್ ಭಾಳ ಹೆಚ್ಚು ಮಾಡಿದ್ರ ಏರಿಳಿತದ ಆಳ ಕಡಿಮಿ ಆಗತೈತಿ ಅಂತ ಹುಡುಗಗ ಮೊದಲ ಹೇಳಿದೆ. ಆ ನಿಧಾನದಾಗ ಅವ ಕೇಳಿದ ಮೆತ್ತಗಿನ ಏರಿಕೆ ಇರೋದು.

ಅವ ತಗೊಂಡು ಹೋಗಾಕ ಬಂದ ದಿನ ಅಂಗಡ್ಯಾಗಿನ ಎಲ್ಲಾ ಟ್ಯೂಬ್‌ಲೈಟ್ ಹಚ್ಚಿ, ಮುಚ್ಚಳ ತಗದಿಟ್ಟ ಬಾರ್ಸಾಕ ಹೇಳಿದೆ.