ಸಿಡಿಲೂ ಹೊಡ್ದಿಲ್ಲ, ಲ್ಯಾನ್ ಪೋರ್ಟೂ ಸತ್ತಿಲ್ಲ

ಹೊಸದಾಗಿ ಓಎಸ್ (ವಿಂಡೋಸ್, ಲಿನಕ್ಸ್ ಥರದ್ದು) ಹಾಕಿದ ಲ್ಯಾಪ್‌ಟಾಪ್‌ಗೆ ಲ್ಯಾನ್ ವಯರ್, ಅಂದ್ರೆ ನೆಟ್ ತರೋ ವಯರ್, ಚುಚ್ಚಿದ್ರೂ ಏನೂ ಆಗ್ಲಿಲ್ಲ, ಸೆಟ್ಟಿಂಗ್ಸ್‌ನಲ್ಲಿ ವಯರ್ಡ್ ಅನ್ನೋ ಸಾಲೇ ಕಾಣ್ಲಿಲ್ಲ ಅಂದ್ರೆ ನಮ್ಮ ಕಡೆ ಎಲ್ರ ಬಾಯಲ್ಲೂ ಮೊದಲು ಬರೋ ಮಾತು "ಸಿಡಿಲು ಹೊಡ್ದಿರ್ಬೇಕು, ಬೋರ್ಡ್ ಹೋಗಿದೆ" ಅಂತ. ಕೊಡಗಲ್ಲಿ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಏಪ್ರಿಲ್-ಮೇ ಗುಡುಗಿಗೆ, ಆಮೇಲೆ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಮೇಲೆ ಬರೋ ಗುಡುಗಿಗೆ ಮೋಡೆಮ್ಮೋ ಟೀವಿಯೋ ಕಳ್ಕೊಳ್ದೇ ಇರೋ ಮನೆ ಹುಡುಕೋದು ಕಷ್ಟ. ಆದ್ರೆ 2025ರ ಅಕ್ಟೋಬರ್‌ನಲ್ಲಿ ನಾಪೋಕ್ಲು ಹತ್ರ ನಮ್ಮ ಚಿಕ್ಕಪ್ಪನ ಮನೇಲಿ ಆಗಿದ್ದು ಅದಲ್ಲ. ಒಳ್ಳೇ ಮಷೀನ್ ಒಂದು ಗುಜರಿಗೆ ಹೋಗೋದ್ರಲ್ಲಿತ್ತು, ಅದಕ್ಕೇ ವಿವರವಾಗಿ ಬರಿಯೋಣ ಅನ್ನಿಸ್ತು.

ಲ್ಯಾಪ್‌ಟಾಪ್ ಚಿಕ್ಕಮ್ಮಂದು. ತೋಟದ ಮನೆ ಪಕ್ಕದಲ್ಲೇ ಅವರದ್ದೊಂದು ಸಣ್ಣ ಹೋಮ್‌ಸ್ಟೇ ಇದೆ, ಬುಕಿಂಗ್ ಮೇಲ್, ಬಿಲ್ಲು, ಬ್ಯಾಂಕ್ ಕೆಲ್ಸ ಎಲ್ಲ ಅದ್ರಲ್ಲೇ. ಇಂಟೆಲ್ ನಾಲ್ಕನೇ ಜನರೇಶನ್‌ದು, ಹಳೇದು, ಆದ್ರೆ ಎಸ್‌ಎಸ್‌ಡಿ ಹಾಕಿದ್ಮೇಲೆ ಆರಾಮಾಗಿ ಓಡ್ತಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್‌ನಲ್ಲಾದ್ರೆ ಎಂಟನೇ ಜನರೇಶನ್ ಅಥವಾ ಅದ್ರ ಮೇಲಿಂದೇ ಬೇಕು. ಅಪ್‌ಡೇಟ್ ಬರ್ದೇ ಇರೋ ಮಷೀನ್‌ನಲ್ಲಿ ಬ್ಯಾಂಕ್ ಕೆಲ್ಸ ಮಾಡೋದು ನನಗೆ ಒಂಚೂರೂ ಇಷ್ಟ ಇಲ್ಲ. ಹಾಗಾಗಿ ಫೈಲೆಲ್ಲ ಬ್ಯಾಕಪ್ ತಗೊಂಡು ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನೋ ಓಎಸ್ ಹಾಕೋದು ಅಂತ ಮಾತಾಗಿ, ತೀರ್ಥೋದ್ಭವದ ಗಲಾಟೆ ಎಲ್ಲ ಮುಗಿದ್ಮೇಲೆ ಕುಶಾಲನಗರದಿಂದ ಪೆನ್‌ಡ್ರೈವ್ ಹಿಡ್ಕೊಂಡು ಹೋದೆ. ಆ ವರ್ಶನ್‌ಗೆ 2029ರ ತನಕ ಅಪ್‌ಡೇಟ್ ಇದೆ, ಚಿಕ್ಕಮ್ಮನ ಕೆಲ್ಸಕ್ಕೆ ಅದು ಧಾರಾಳ.

ಇನ್ನೊಂದು ಅವಸರ ಏನಂದ್ರೆ ಮಾರನೇ ದಿನ ಹೊರದೇಶದ ಗೆಸ್ಟ್‌ಗಳು ಬರೋರಿದ್ರು. ವಿದೇಶಿಯರು ಉಳ್ಕೊಂಡ್ರೆ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್, ನಾವೆಲ್ಲ ಸಿ ಫಾರ್ಮ್ ಅನ್ನೋದು, ತುಂಬಲೇಬೇಕು, ಹೋಮ್‌ಸ್ಟೇ ಇಟ್ಟಿರೋ ಎಲ್ರಿಗೂ ಇದು ಗೊತ್ತು. ಪಾಸ್‌ಪೋರ್ಟ್, ವೀಸಾ ವಿವರ, ಫೋಟೋ ಅಪ್‌ಲೋಡ್ ಎಲ್ಲ ಮೊಬೈಲ್‌ನಲ್ಲಿ ಮಾಡೋಣ ಅಂದ್ರೆ ಆ ಜಾಗದಲ್ಲಿ ಸಿಗ್ನಲ್ ಸಿಗೋದು ಕಾಫಿ ಕಣದ ಒಂದು ಮೂಲೇಲಿ ಮಾತ್ರ, ಅದೂ ಮಳೆ ಬಂತಂದ್ರೆ ಇಲ್ಲ. ಮನೆಗೆ ಫೈಬರ್ ಇದೆ, ಡಬ್ಬಿ ಇರೋದು ಹಾಲ್‌ನಲ್ಲಿ. ಹಳೇ ಮನೆ, ಗೋಡೆಗಳು ಮೊಳದಪ್ಪ, ಆಫೀಸ್ ರೂಮ್ ಆ ತುದೀಲಿ, ವೈಫೈ ಅಲ್ಲಿಗೆ ಹೋಗೋಷ್ಟೊತ್ತಿಗೆ ಉಸಿರು ಕಟ್ಟುತ್ತೆ. ಅದಕ್ಕೇ ಚಿಕ್ಕಪ್ಪ ಅಟ್ಟದ ಮೇಲಿಂದ ಲ್ಯಾನ್ ವಯರ್ ಎಳ್ಸಿದ್ರು. ಅಂದ್ರೆ ಆ ಮನೇಲಿ ಲ್ಯಾನ್ ಪೋರ್ಟ್ ಇಲ್ಲ ಅಂದ್ರೆ ಆಫೀಸೇ ಇಲ್ಲ.

ಮಿಂಟ್ ಸಲೀಸಾಗಿ ಕೂತ್ಕೊಳ್ತು. ರೀಸ್ಟಾರ್ಟ್ ಆಗಿ ಡೆಸ್ಕ್‌ಟಾಪ್ ಬಂತು, ವಯರ್ ಚುಚ್ಚಿದೆ, ನೆಟ್‌ವರ್ಕ್ ಐಕಾನ್ ಮೇಲೆ ಅಡ್ಡಗೆರೆ ಹಾಗೇ ಇತ್ತು. ಪೋರ್ಟ್ ಪಕ್ಕದಲ್ಲಿ ಎರಡು ಸಣ್ಣ ಲೈಟ್ ಇರುತ್ತಲ್ಲ, ಹಸಿರು ಮತ್ತೆ ಕೇಸರಿ, ಎರಡೂ ಇಲ್ಲ. ವೈಫೈ ಕೂಡ ಇಲ್ಲ, ಅದ್ರಲ್ಲಿರೋದು ಬ್ರಾಡ್‌ಕಾಮ್ ಕಾರ್ಡು, ಅದಕ್ಕೆ ಡ್ರೈವರ್ (ಅದನ್ನ ನಡೆಸೋ ಸಾಫ್ಟ್‌ವೇರ್) ಬೇರೆಯಾಗಿ ಹಾಕ್ಬೇಕು ಅನ್ನೋದು ಮೊದಲೇ ಗೊತ್ತಿತ್ತು, ಅದ್ರ ಬಗ್ಗೆ ತಲೆಕೆಡಿಸ್ಕೊಳ್ಲಿಲ್ಲ. ಆದ್ರೆ ಲ್ಯಾನ್ ಹೀಗೆ ಕೈ ಕೊಡುತ್ತೆ ಅಂತ ಯಾರೂ ಅಂದ್ಕೊಳ್ಳಲ್ಲ, ಲಿನಕ್ಸ್‌ನಲ್ಲಿ ಮಾಮೂಲಿ ಲ್ಯಾನ್ ಚಿಪ್‌ಗಳ ಡ್ರೈವರ್ ಕರ್ನೆಲ್ (ಓಎಸ್‌ನ ತಿರುಳು) ಜೊತೇನೇ ಬರುತ್ತೆ.

"ಎಂಥ ಮಾರಾಯ, ಬೆಳಗ್ಗೆ ತನಕ ಸರಿ ಇತ್ತಲ್ಲ" ಅಂದ್ರು ಚಿಕ್ಕಪ್ಪ. ಅಷ್ಟರಲ್ಲಿ ಹೊರಗೆ ಗುಡುಗು ಬೇರೆ ಶುರುವಾಗಿತ್ತು. ಅವರು ಕಣದ ಮೂಲೆಗೆ ಹೋಗಿ ಪರಿಚಯದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಫೋನ್ ಮಾಡಿದ್ರು, ಆ ಹುಡುಗ ಕೇಳಿದ ತಕ್ಷಣ "ಸಿಡಿಲಿಗೆ ಲ್ಯಾನ್ ಚಿಪ್ ಹೋಗಿರುತ್ತೆ ಸರ್, ಅದು ಬೋರ್ಡ್‌ನಲ್ಲೇ ಇರೋದು, ಮಾಡ್ಸೋದಕ್ಕಿಂತ ಬೇರೆ ತಗೊಳ್ಳೋದು ವಾಸಿ" ಅಂದ್ನಂತೆ. ಚಿಕ್ಕಮ್ಮನ ಮುಖ ನೋಡಕ್ಕಾಗ್ಲಿಲ್ಲ. "ನಾಳೆ ಅವ್ರು ಬರ್ತಾರೆ ಮಗಾ, ಎಂಥ ಮಾಡೋದು" ಅಂತ ಒಂದೇ ಮಾತು ಹೇಳಿ ಒಳಗೆ ಹೋದ್ರು.

ನನಗೆ ಸಿಡಿಲಿನ ಕಥೆ ಒಪ್ಪಿಗೆ ಆಗ್ಲಿಲ್ಲ. ಮೊದಲ್ನೇದಾಗಿ, ಹಿಂದೆ ತಾಮ್ರದ ಟೆಲಿಫೋನ್ ವಯರ್ ಇದ್ದಾಗ ಸಿಡಿಲು ಅದ್ರಲ್ಲೇ ಹರ್ಕೊಂಡು ಬಂದು ಮೋಡೆಮ್, ಅಲ್ಲಿಂದ ಲ್ಯಾನ್ ಪೋರ್ಟ್ ಸುಡ್ತಿತ್ತು, ಈಗ ಒಳಗೆ ಬರೋದು ಗಾಜಿನ ಎಳೆ, ಅದ್ರಲ್ಲಿ ಕರೆಂಟ್ ಹರಿಯಲ್ಲ. ಕರೆಂಟ್ ಲೈನ್ ಕಡೆಯಿಂದ ಫೈಬರ್ ಡಬ್ಬಿಗೆ ಹೊಡಿಬಹುದು ನಿಜ, ಆದ್ರೆ ಡಬ್ಬಿ ಚೆನ್ನಾಗೇ ಕೆಲ್ಸ ಮಾಡ್ತಿದೆ, ಅದೇ ವಯರ್ ಅದೇ ಪೋರ್ಟ್‌ಗೆ ಬೆಳಗ್ಗೆ ಬ್ಯಾಕಪ್ ಮಾಡೋವಾಗ ನೆಟ್ ಬಂದಿದೆ. ನಡುವೆ ಬದಲಾಗಿದ್ದು ಓಎಸ್ ಒಂದೇ. ಸರಿಯಾಗಿ ಆ ಹೊತ್ತಿಗೇ ಚಿಪ್ ಸಾಯ್ತು ಅನ್ನೋಕೆ ಕೈಯಲ್ಲಿ ಯಾವ ಆಧಾರನೂ ಇಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಲ್ರೂ ಎಡವೋದು ಇಲ್ಲೇ. ಡಿಟೆಕ್ಟ್ ಆಗ್ತಿಲ್ಲ ಅನ್ನೋದ್ರಲ್ಲಿ ಎರಡು ಬೇರೆ ಬೇರೆ ರೋಗ ಇದೆ. ಒಂದು, ಚಿಪ್ ಇದೆ ಅಂತ ಮಷೀನ್‌ಗೆ ಗೊತ್ತು, ಅದ್ರ ಜೊತೆ ಮಾತಾಡೋ ಡ್ರೈವರ್ ಇಲ್ಲ. ಇನ್ನೊಂದು, ಚಿಪ್ ಇದೆ ಅನ್ನೋದೇ ಮಷೀನ್‌ಗೆ ಗೊತ್ತಿಲ್ಲ. ಮೊದಲನೇ ಥರದ್ದಕ್ಕೆ ಡ್ರೈವರ್ ಹಾಕಿದ್ರೆ ಮುಗೀತು, ಎರಡನೇ ಥರದ್ದಕ್ಕೆ ಎಷ್ಟು ಡ್ರೈವರ್ ಸುರಿದ್ರೂ ಪ್ರಯೋಜನ ಇಲ್ಲ. ಯಾವುದು ಅಂತ ತಿಳ್ಕೊಳ್ದೇ ಡ್ರೈವರ್ ಹುಡುಕ್ತಾ ಕೂತ್ರೆ ರಾತ್ರಿ ಪೂರ್ತಿ ಹೋಗುತ್ತೆ. ವಿಂಡೋಸ್‌ನಲ್ಲಾದ್ರೆ ಡಿವೈಸ್ ಮ್ಯಾನೇಜರ್ ತೆಗೆದು ನೋಡ್ಬೇಕು, ಅದರ್ ಡಿವೈಸಸ್ ಕೆಳಗೆ ಹಳದಿ ಗುರುತಿನ ಜೊತೆ ಈಥರ್ನೆಟ್ ಕಂಟ್ರೋಲರ್ (ಲ್ಯಾನ್ ಚಿಪ್‌ಗೆ ಅಲ್ಲಿರೋ ಹೆಸರು) ಅಂತಿದ್ರೆ ಅದು ಮೊದಲನೇ ಥರ. ಪ್ರಾಪರ್ಟೀಸ್‌ನಲ್ಲಿ ಹಾರ್ಡ್‌ವೇರ್ ಐಡೀಸ್ ನೋಡಿದ್ರೆ ವೆನ್ (VEN) ಅಂತ ಇದ್ದು ಅದ್ರ ಮುಂದೆ ನಾಲ್ಕು ಅಕ್ಷರ ಇರುತ್ತೆ, 10ಇಸಿ (10EC) ಇದ್ರೆ ರಿಯಲ್‌ಟೆಕ್, 8086 ಇದ್ರೆ ಇಂಟೆಲ್, 1969 ಇದ್ರೆ ಅಥೆರೋಸ್. ಆ ನಂಬರ್ ಬರ್ಕೊಂಡು ಲ್ಯಾಪ್‌ಟಾಪ್ ಕಂಪನಿ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ಗೆ ಇರೋ ಡ್ರೈವರ್ ತಗೊಂಡ್ರೆ ಸಾಕು, ಎಲ್ಲಾ ಡ್ರೈವರ್ ನಾವೇ ಹಾಕ್ತೀವಿ ಅನ್ನೋ ಸಾಫ್ಟ್‌ವೇರ್‌ಗಳ ಸಹವಾಸ ಬೇಡ್ವೇ ಬೇಡ.

ಲಿನಕ್ಸ್‌ನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ಎಲ್‌ಎಸ್‌ಪಿಸಿಐ (lspci) ಅಂತ ಕೊಟ್ರೆ ಬೋರ್ಡ್ ಮೇಲೆ ಕಾಣ್ತಿರೋ ಸಾಮಾನೆಲ್ಲ ಸಾಲಾಗಿ ಬರುತ್ತೆ. ಕೊಟ್ಟೆ. ಗ್ರಾಫಿಕ್ಸ್ ಇದೆ, ಆಡಿಯೋ ಇದೆ, ಸಾಟಾ ಇದೆ, ಡ್ರೈವರ್ ಇಲ್ದೇ ಇದ್ರೂ ಬ್ರಾಡ್‌ಕಾಮ್ ವೈಫೈ ಕಾರ್ಡ್ ಹೆಸರು ನೆಟ್ಟಗೆ ಇದೆ. ಈಥರ್ನೆಟ್ ಅನ್ನೋ ಸಾಲು ಮಾತ್ರ ಇಲ್ಲ. ಐಪಿ ಲಿಂಕ್ (ip link) ಅಂತ ಕೊಟ್ರೆ ಬರೀ ಎಲ್‌ಓ (lo) ಒಂದೇ, ಅದು ಮಷೀನ್ ತನ್ನ ಜೊತೆ ತಾನೇ ಮಾತಾಡೋ ದಾರಿ, ಹೊರಗಿನ ನೆಟ್‌ಗಲ್ಲ. ಅಂದ್ರೆ ನಮ್ಮದು ಎರಡನೇ ಥರ. ಮಿಂಟ್ ಹಾಕಿದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿರ್ಬಹುದಾ ಅಂತ ಪೆನ್‌ಡ್ರೈವ್‌ನಿಂದಾನೇ ನೇರ (ಲೈವ್) ಮಿಂಟ್ ಓಡಿಸಿ ನೋಡ್ದೆ, ಅಲ್ಲೂ ಅದೇ ಕಥೆ. ಬಯಾಸ್‌ಗೆ (ಓಎಸ್ ಶುರುವಾಗೋ ಮೊದಲು ಬರೋ ಮಷೀನ್‌ನ ಸೆಟ್ಟಿಂಗ್ಸ್) ಹೋಗಿ ನೋಡ್ದೆ, ಕೆಲವು ಮಷೀನ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಆಫ್ ಮಾಡೋ ಆಪ್ಶನ್ ಇರುತ್ತೆ, ಇಲ್ಲಿ ಎನೇಬಲ್ಡ್ ಅಂತಾನೇ ಇತ್ತು.

ಇದ್ರ ಮಧ್ಯೆ ನೆಟ್ ಬೇಕಿತ್ತು, ಅದಕ್ಕೊಂದು ದಾರಿ ಇದೆ, ಸಿಗ್ನಲ್ ಇಲ್ಲದ ನಮ್ಮಂಥ ಊರಲ್ಲಿ ಇದು ಎಲ್ರಿಗೂ ಗೊತ್ತಿರ್ಲೇಬೇಕು. ಆಂಡ್ರಾಯ್ಡ್ ಫೋನನ್ನ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಕನೆಕ್ಟ್ ಮಾಡಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ಫೋನೇ ಲ್ಯಾನ್ ಕಾರ್ಡ್ ಥರ ಕೆಲ್ಸ ಮಾಡುತ್ತೆ, ಹೊಸದಾಗಿ ಹಾಕಿದ ಮಿಂಟ್‌ನಲ್ಲೂ ಬೇರೆ ಡ್ರೈವರ್ ಕೇಳಲ್ಲ. ಬಹಳ ಜನ ಇದಕ್ಕೆ ಮೊಬೈಲ್ ಡೇಟಾ ಬೇಕೇ ಬೇಕು ಅಂದ್ಕೊಂಡಿರ್ತಾರೆ, ಬೇಕಾಗಿಲ್ಲ, ಫೋನ್ ಮನೆ ವೈಫೈನಲ್ಲಿದ್ರೆ ಆ ವೈಫೈ ನೆಟ್ಟನ್ನೇ ಕೇಬಲ್‌ನಲ್ಲಿ ಕಳಿಸುತ್ತೆ. ಲ್ಯಾಪ್‌ಟಾಪ್ ಹಾಲ್‌ಗೆ ತಂದು ಡಬ್ಬಿ ಪಕ್ಕ ಇಟ್ಟು ಚಿಕ್ಕಪ್ಪನ ಫೋನ್ ಚುಚ್ಚಿದೆ, ಕೂಡ್ಲೇ ನೆಟ್ ಬಂತು. ಅಪ್‌ಡೇಟ್ ಆಯ್ತು, ಡ್ರೈವರ್ ಮ್ಯಾನೇಜರ್‌ನಲ್ಲಿ ಬ್ರಾಡ್‌ಕಾಮ್ ಡ್ರೈವರ್ ಟಿಕ್ ಮಾಡಿ ರೀಸ್ಟಾರ್ಟ್ ಮಾಡಿದ್ರೆ ವೈಫೈ ಕೂಡ ಎದ್ದು ಕೂತ್ಕೊಳ್ತು. ಸಿ ಫಾರ್ಮ್‌ನ ಭಯ ಅಷ್ಟಕ್ಕೇ ಹೋಯ್ತು, ಬೇಕಾದ್ರೆ ಹಾಲ್‌ನಲ್ಲೇ ಕೂತು ತುಂಬಬಹುದು. ಚಿಕ್ಕಮ್ಮ ಕಾಫಿ ತಂದ್ಕೊಟ್ರು.

ಆದ್ರೂ ಲ್ಯಾನ್ ಬಿಡೋಕೆ ಮನಸ್ಸು ಬರ್ಲಿಲ್ಲ, ಆಫೀಸ್ ರೂಮ್‌ನಲ್ಲೇ ಅವರ ಪ್ರಿಂಟರ್, ರಿಜಿಸ್ಟರ್ ಎಲ್ಲ ಇರೋದು. ಕೂತು ಯೋಚನೆ ಮಾಡ್ದಾಗ ಹೊಳೆದಿದ್ದು ಸ್ಟ್ಯಾಂಡ್‌ಬೈ ಪವರ್ ವಿಷಯ. ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿದ್ರೂ ಲ್ಯಾನ್ ಚಿಪ್‌ಗೆ ಸ್ವಲ್ಪ ಕರೆಂಟ್ ಹೋಗ್ತಾನೇ ಇರುತ್ತೆ, ವೇಕ್ ಆನ್ ಲ್ಯಾನ್ ಅಂತ ಒಂದು ಸೌಲಭ್ಯ ಇದೆ, ದೂರದಿಂದ ನೆಟ್‌ವರ್ಕ್ ಮೂಲಕ ಮಷೀನ್ ಎಬ್ಬಿಸೋದಕ್ಕೆ, ಅದಕ್ಕಾಗಿ. ಹಳೇ ಓಎಸ್ ಕೊನೇ ಸಲ ಹೋಗೋವಾಗ ಚಿಪ್ಪನ್ನ ಪವರ್ ಉಳಿಸೋ ಆಳದ ನಿದ್ದೆಗೆ ಕಳಿಸಿದ್ರೆ, ಕೆಲವೊಮ್ಮೆ ಹೊಸ ಓಎಸ್ ಬಂದು ಬಾಗಿಲು ತಟ್ಟಿದ್ರೂ ಅದು ಏಳಲ್ಲ. ರೀಸ್ಟಾರ್ಟ್ ಮಾಡಿದ್ರೂ ಏಳಲ್ಲ, ಶಟ್‌ಡೌನ್ ಮಾಡಿದ್ರೂ ಏಳಲ್ಲ, ಬ್ಯಾಟರಿ ಒಳಗಿರೋವರೆಗೆ ಅದ್ರ ಸ್ಟ್ಯಾಂಡ್‌ಬೈ ಕರೆಂಟ್ ನಿಲ್ಲೋದೇ ಇಲ್ವಲ್ಲ. ಡೆಸ್ಕ್‌ಟಾಪ್ ಆದ್ರೆ ಪ್ಲಗ್ ಕಿತ್ರೆ ಮುಗೀತು, ನಮ್ಮ ಕೊಡಗಿನ ಪವರ್ ಕಟ್ಟೇ ಅದನ್ನ ಸರಿ ಮಾಡಿರುತ್ತೆ.

ಲ್ಯಾಪ್‌ಟಾಪ್ ಆಫ್ ಮಾಡಿ ಚಾರ್ಜರ್, ಲ್ಯಾನ್ ವಯರ್, ಮೌಸ್ ಎಲ್ಲ ಕಿತ್ತೆ. ಟವೆಲ್ ಹಾಸಿ ಮಗುಚಿ ಇಟ್ಟೆ. ಹಳೇ ಮಾಡೆಲ್ ಆಗಿದ್ರಿಂದ ಬ್ಯಾಟರಿ ಹೊರಗಿಂದಾನೇ ತೆಗಿಯಕ್ಕಾಗುತ್ತೆ. ಎರಡು ಕಡೆ ಲಾಚ್, ಒಂದು ಸಲೀಸಾಗಿ ಸರೀತು, ಇನ್ನೊಂದು ವರ್ಷಗಟ್ಲೆ ಧೂಳು ಮತ್ತೆ ಮಳೆಗಾಲದ ತೇವ ಸೇರಿ ಅಂಟ್ಕೊಂಡಿತ್ತು, ಉಗುರಲ್ಲಿ ಒತ್ತಿ ಹಿಡ್ಕೊಂಡು ಹೆಬ್ಬೆರಳಲ್ಲಿ ತಳ್ಳಿದ್ಮೇಲೆ ಟಕ್ ಅಂತ ಬಿಡ್ತು. ಬ್ಯಾಟರಿ ಕೆಳಗೆ ಬೂದು ಬಣ್ಣದ ಪುಡಿ, ಸತ್ತ ಇರುವೆ, ತಾಮ್ರದ ಪಿನ್‌ಗಳು ಮಾತ್ರ ಹೊಳೀತಿದ್ವು, ತುಕ್ಕಿಲ್ಲ. ಒಣ ಬ್ರಶ್‌ನಲ್ಲಿ ಗುಡಿಸಿದೆ. ಆಮೇಲೆ ಪವರ್ ಬಟನ್ ಒತ್ತಿ ಹಿಡ್ಕೊಂಡೆ, ಅರ್ಧ ನಿಮಿಷದಷ್ಟು, ಒಳಗೆ ಕೆಪಾಸಿಟರ್‌ಗಳಲ್ಲಿ ಉಳಿದಿರೋ ಚಾರ್ಜ್ ಪೂರ್ತಿ ಖಾಲಿ ಆಗ್ಲಿ ಅಂತ. ಇಷ್ಟಕ್ಕೆ ಮಷೀನ್ ಬಿಚ್ಚೋದೇನೂ ಬೇಕಿಲ್ಲ. ಬ್ಯಾಟರಿ ಒಳಗೇ ಇರೋ ಹೊಸ ಮಾಡೆಲ್‌ಗಳಲ್ಲಿ ಕೆಲವಕ್ಕೆ ಅಡಿಯಲ್ಲಿ ಪಿನ್ ತೂತು ಇರುತ್ತೆ, ಕೆಲವಕ್ಕೆ ಬಯಾಸ್‌ನಲ್ಲೇ ಬ್ಯಾಟರಿ ಡಿಸೇಬಲ್ ಮಾಡೋ ಆಪ್ಶನ್ ಇರುತ್ತೆ, ಮ್ಯಾನುಯಲ್ ನೋಡ್ಕೊಂಡು ಮಾಡ್ಬೇಕು.

ಚಿಕ್ಕಪ್ಪ ಪಕ್ಕದಲ್ಲೇ ನಿಂತು "ಇಷ್ಟಕ್ಕೆಲ್ಲ ಸರಿ ಆಗುತ್ತಾ" ಅಂತ ಕೇಳಿದ್ರು. "ನೋಡೋಣ ಚಿಕ್ಕಪ್ಪ, ಆಗ್ಲಿಲ್ಲ ಅಂದ್ರೆ ಯುಎಸ್‌ಬಿಗೆ ಹಾಕೋ ಲ್ಯಾನ್ ಅಡಾಪ್ಟರ್ ಸಿಗುತ್ತೆ, ಹೊಸ ಲ್ಯಾಪ್‌ಟಾಪ್ ಅಂತೂ ತಗೊಳ್ಬೇಡಿ" ಅಂದೆ. ಬ್ಯಾಟರಿ ಹಾಕಿ, ಆಫೀಸ್ ರೂಮ್‌ಗೆ ತಗೊಂಡ್ಹೋಗಿ, ಚಾರ್ಜರ್ ಕೊಟ್ಟು ಆನ್ ಮಾಡ್ದೆ. ವಯರ್ ಚುಚ್ಚಿದೆ. ಮಿಂಟ್ ಲೋಗೋ ಬರ್ತಿರೋವಾಗ್ಲೇ ಪೋರ್ಟ್ ಪಕ್ಕ ಹಸಿರು ಲೈಟ್ ಹತ್ತಿತು, ಹಿಂದೇನೇ ಕೇಸರಿ ಲೈಟ್ ಮಿಣಮಿಣ ಅನ್ನಕ್ಕೆ ಶುರುವಾಯ್ತು. "ಬಂತು ಬಂತು" ಅಂತ ನನಗಿಂತ ಮೊದಲು ಚಿಕ್ಕಪ್ಪನೇ ಕೂಗಿದ್ರು. ಎಲ್‌ಎಸ್‌ಪಿಸಿಐ ಜೊತೆ -nnk ಸೇರಿಸಿ ಕೊಟ್ಟು ನೋಡಿದ್ರೆ ಈಥರ್ನೆಟ್ ಕಂಟ್ರೋಲರ್, ರಿಯಲ್‌ಟೆಕ್, 10ಇಸಿ:8168, ಡ್ರೈವರ್ ಆರ್8169. ನಾನು ಯಾವ ಡ್ರೈವರ್ ಹಾಕಿದ್ದೂ ಅಲ್ಲ, ಮೊದಲಿಂದ ಅಲ್ಲೇ ಇತ್ತು, ಚಿಪ್ ಕಾಣೋದಕ್ಕೆ ಕಾಯ್ತಿತ್ತು. ನನಗಾದ ಸಂತೋಷ ಹೇಳಕ್ಕಾಗಲ್ಲ.

ಆ ಅಂಗಡಿ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಫೋನಲ್ಲಿ ಕೇಳಿ ಅಷ್ಟು ಹೇಳಿದ. ಆದ್ರೆ ಬೋರ್ಡ್ ಹೋಗಿದೆ ಅನ್ನೋ ತೀರ್ಪು ಕೊಡೋ ಮೊದಲು ಒಂದು ಸಲ ಬ್ಯಾಟರಿ ಕಿತ್ತು ನೋಡೋದಕ್ಕೆ ಖರ್ಚೇ ಇಲ್ಲ, ನಮ್ಮಲ್ಲಿ ಎಷ್ಟು ಮನೆಯವ್ರು ಸಿಡಿಲಿನ ಹೆಸರಲ್ಲಿ ಸುಮ್ಮನೆ ದುಡ್ಡು ಸುರಿದಿರ್ಬಹುದು ಅಂತ ಯೋಚನೆ ಮಾಡಿದ್ರೆ ಬೇಜಾರಾಗುತ್ತೆ. ಚಿಕ್ಕಪ್ಪ ಅದೇ ಸಂಜೆ ಅವನಿಗೆ ಫೋನ್ ಮಾಡಿ ಹೇಳಿದ್ರು, ಅವನೂ ಆಸಕ್ತಿಯಿಂದ ಕೇಳ್ಕೊಂಡನಂತೆ.

ಹೊರಡೋ ಮೊದಲು ಬಯಾಸ್‌ನಲ್ಲಿ ವೇಕ್ ಆನ್ ಲ್ಯಾನ್ ಆಫ್ ಮಾಡ್ದೆ, ಆ ಮನೇಲಿ ಅದ್ರ ಉಪಯೋಗ ಇಲ್ಲ. ವಿಂಡೋಸ್ ಮತ್ತೆ ಲಿನಕ್ಸ್ ಎರಡೂ ಒಟ್ಟಿಗೆ ಇಟ್ಕೊಂಡಿರೋರು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆದುಬಿಡಿ, ಅದಿದ್ರೆ ಶಟ್‌ಡೌನ್ ಅಂದ್ರೂ ಮಷೀನ್ ಪೂರ್ತಿ ಶಟ್‌ಡೌನ್ ಆಗಿರಲ್ಲ. ಒಂದು ಚೀಟಿಯಲ್ಲಿ ಲ್ಯಾನ್ ಮತ್ತೆ ವೈಫೈ ಎರಡ್ರದ್ದೂ ನಂಬರ್ ಬರೆದು ಲ್ಯಾಪ್‌ಟಾಪ್ ಅಡಿಯಲ್ಲಿ ಟೇಪ್ ಹಾಕಿ ಅಂಟಿಸಿದೆ, ಮುಂದೆ ಯಾರು ಓಎಸ್ ಹಾಕಿದ್ರೂ ಹುಡುಕೋ ಕಷ್ಟ ಇರಲ್ಲ. ಮಾರನೇ ದಿನ ರಾತ್ರಿ ಚಿಕ್ಕಮ್ಮ ಫೋನ್ ಮಾಡಿದ್ರು, ಗೆಸ್ಟ್‌ಗಳು ಬಂದ್ರು, ಸಿ ಫಾರ್ಮ್ ಆಫೀಸ್ ರೂಮ್‌ನಲ್ಲೇ ಕೂತು ತುಂಬಿ ಪ್ರಿಂಟ್ ತೆಗೆದಾಯ್ತು, ಅಕ್ಷರ ಸ್ವಲ್ಪ ಸಣ್ಣ ಕಾಣುತ್ತೆ, ಮುಂದಿನ ಸಲ ಬಂದಾಗ ದೊಡ್ಡದು ಮಾಡ್ಕೊಡು ಅಂದ್ರು.