ಟೋಯಿಂಗ್ ಗಾಡಿಯ ಪಕ್ಕ ಒಂದು ಸಣ್ಣ ಕಾರು

ಸಕಲೇಶಪುರದಿಂದ ಹತ್ತು ಕಿಲೋಮೀಟರ್ ಒಳಗಿರುವ ನಮ್ಮ ಮನೆಯ ಅಂಗಳದಲ್ಲಿ ನಿಲ್ಲುವ ವಾಹನ ಒಂದೇ, ಅದಕ್ಕೆ ಆರು ಚಕ್ರ. ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ, ಇಲ್ಲವೇ ಚರಂಡಿಗೆ ಇಳಿದ ಕಾರುಗಳನ್ನು ಬೆನ್ನ ಮೇಲೆ ಹೇರಿಕೊಂಡು ಹಾಸನಕ್ಕೋ ಮಂಗಳೂರಿಗೋ ತಲುಪಿಸುವುದು ಅದರ ಕೆಲಸ. ಆದರೆ ಆರು ವರ್ಷಗಳಿಂದ ಅದೇ ಟೋಯಿಂಗ್ ಗಾಡಿ ಮಗಳನ್ನು ಬಸ್‌ಸ್ಟ್ಯಾಂಡಿಗೆ ಬಿಡುತ್ತದೆ, ಸಂತೆಯಿಂದ ತರಕಾರಿ ತರುತ್ತದೆ, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುತ್ತದೆ. ಕ್ಯಾಬಿನ್ನಿನಲ್ಲಿ ನನ್ನನ್ನೂ ಸೇರಿಸಿ ಮೂವರಿಗಷ್ಟೇ ಜಾಗವಿದ್ದು ನಾವು ನಾಲ್ವರಿರುವುದರಿಂದ, ಎಲ್ಲಿಗೆ ಹೊರಟರೂ ಒಬ್ಬರು ಬಸ್ಸಿನಲ್ಲಿ ಬರಬೇಕು. ಅಮ್ಮನ ಮಂಡಿನೋವು ಹೆಚ್ಚಾದ ಮೇಲೆ ವಿಂಚಿನ ಹುಕ್ಕು, ಬೆಲ್ಟು, ಸರಪಳಿಗಳ ನಡುವೆ ಒಂದು ಮರದ ಸ್ಟೂಲನ್ನೂ ಇಟ್ಟುಕೊಂಡಿದ್ದೇನೆ. ಅದನ್ನು ನೆಲಕ್ಕಿಟ್ಟು, ಅವರ ಒಂದು ಕೈ ಬಾಗಿಲಿನ ಹಿಡಿಯ ಮೇಲೂ ಇನ್ನೊಂದು ನನ್ನ ಭುಜದ ಮೇಲೂ ಇರುವಂತೆ ನೋಡಿಕೊಂಡು ಹತ್ತಿಸಬೇಕು. ಮಳೆಗಾಲದಲ್ಲಿ ಆ ಸ್ಟೂಲಿನ ಕಾಲು ಕೆಸರಿನಲ್ಲಿ ಹೂತುಹೋಗುತ್ತದೆ.

ಓಡಾಟಕ್ಕೆ ಒಂದು ಸಣ್ಣ ಕಾರು ತೆಗೆದುಕೊಳ್ಳೋಣವೆಂದು ಮನೆಯವಳು ಹೇಳತೊಡಗಿ ಎರಡು ವರ್ಷಗಳಾದವು. ಡೀಸೆಲ್ ಉಳಿತಾಯದಲ್ಲೇ ಕಾರಿನ ಹಣ ಹುಟ್ಟುತ್ತದೆ ಎಂಬುದು ಅವಳ ವಾದವಾಗಿತ್ತು. ಅದನ್ನು ಪರೀಕ್ಷಿಸಲು ಮೂರು ತಿಂಗಳು ಡೈರಿಯಲ್ಲಿ ಬರೆದಿಟ್ಟೆ. ಬಾಡಿಗೆಯ ಓಟವನ್ನು ಬಿಟ್ಟು ಮನೆಯ ಕೆಲಸಕ್ಕೆಂದೇ ಗಾಡಿ ತಿಂಗಳಿಗೆ ಸುಮಾರು 900 ಕಿ.ಮೀ. ಓಡುತ್ತಿದೆ. ಖಾಲಿ ಓಡಿದರೂ ಲೀಟರಿಗೆ 8 ಕಿ.ಮೀ. ಕೊಡುವ ಗಾಡಿಗೆ, ಡೀಸೆಲ್ ಲೀಟರಿಗೆ 91 ರೂಪಾಯಿಯಂತೆ ಹಿಡಿದರೆ, ಹತ್ತು ಸಾವಿರದ ಮೇಲೆ ಖರ್ಚು. ನಮ್ಮ ಏರುತಗ್ಗಿನ ರಸ್ತೆಯಲ್ಲಿ 17 ಕಿ.ಮೀ. ಕೊಡುವ ಪೆಟ್ರೋಲ್ ಕಾರಾದರೆ, ಲೀಟರಿಗೆ 103 ರೂಪಾಯಿಯಂತೆ, ಐದೂವರೆ ಸಾವಿರ. ಉಳಿಯುವುದು ತಿಂಗಳಿಗೆ 4,800 ರೂಪಾಯಿಯ ಆಸುಪಾಸು.

ಈಗ ಹೊಸ ಕಾರಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದು ನಿಜವೇ. ಆದರೂ ರಾಜ್ಯದ ಜೀವಾವಧಿ ತೆರಿಗೆ, ವಿಮೆ ಎಲ್ಲ ಸೇರಿ ಐದೂವರೆ ಲಕ್ಷವಾಗುತ್ತದೆಂದು ಇಟ್ಟುಕೊಂಡು, ಒಂದು ಲಕ್ಷ ಕೈಯಿಂದ ಕಟ್ಟಿ, ಉಳಿದ ನಾಲ್ಕೂವರೆ ಲಕ್ಷಕ್ಕೆ ಶೇ. 9.5ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ಕಂತು 9,450 ರೂಪಾಯಿ. ಉಳಿತಾಯದ ಸರಿಸುಮಾರು ಎರಡು ಪಟ್ಟು. ಲೆಕ್ಕದ ಹಾಳೆಯನ್ನು ಮನೆಯವಳ ಮುಂದಿಟ್ಟಾಗ, "ರೀ, ನೀವು ಇಂಧನವನ್ನಷ್ಟೇ ಲೆಕ್ಕ ಹಾಕಿದ್ದೀರಿ, ಆ ತಿಥಿಯ ದಿನದ್ದನ್ನು ಎಲ್ಲಿ ಬರೆದಿದ್ದೀರಿ?" ಎಂದಳು. ನಾನು ಸೋತದ್ದು ಅಲ್ಲಿ.

ಅಂದು ಬೇಲೂರಿನಲ್ಲಿ ಸಂಬಂಧಿಕರ ತಿಥಿಯ ಊಟಕ್ಕೆ ಎಲೆಯ ಮುಂದೆ ಕುಳಿತಿದ್ದಾಗ ಫೋನ್ ಬಂತು. ಶಿರಾಡಿ ಘಾಟಿಯ ಮಾರನಹಳ್ಳಿಯ ಬಳಿ ಕಾರೊಂದು ಚರಂಡಿಗೆ ಇಳಿದಿತ್ತು. ಗಾಡಿ ಬೇಲೂರಿನ ಛತ್ರದ ಮುಂದೆ ನಿಂತಿತ್ತು. ಸುರಿಯುವ ಮಳೆಯಲ್ಲಿ ಒಂದೂವರೆ ಗಂಟೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಗುಂಡ್ಯದ ಕಡೆಯಿಂದ ಬಂದವರು ಆ ಕಾರನ್ನು ಎತ್ತಿಕೊಂಡು ಹೋಗಿದ್ದರು. ಏಳು ಸಾವಿರದ ಬಾಡಿಗೆ ಕೈತಪ್ಪಿತು. ಗಾಡಿ ಮನೆಯಲ್ಲೇ ಇದ್ದಿದ್ದರೆ ಪಕ್ಕದ ಮನೆಯಲ್ಲೇ ಇರುವ ನಮ್ಮ ಗಾಡಿಯ ಕೆಲಸದ ಹುಡುಗ ಅರ್ಧ ಗಂಟೆಯಲ್ಲಿ ಅಲ್ಲಿರುತ್ತಿದ್ದ. ಅವನ ಬಳಿ ಇರುವುದು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಮಾತ್ರವೆಂದು ನಾನು ಮೊದಲು ಹಿಂಜರಿಯುತ್ತಿದ್ದೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಅದೇ ಲೈಸೆನ್ಸಿನಲ್ಲಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದ್ದು, ನನ್ನ ಗಾಡಿ ಆ ಮಿತಿಯೊಳಗೇ ಇದೆ. ಡೈರಿಯನ್ನು ಮತ್ತೆ ತಿರುವಿದಾಗ, ಗಾಡಿ ಮನೆಯ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ತಪ್ಪಿದ ಬಾಡಿಗೆಗಳು ಆ ಮೂರು ತಿಂಗಳಲ್ಲಿ ನಾಲ್ಕು ಎಂದು ಕಂಡಿತು.

ಹಾಗೆಂದು ಕಂತಿನ ಭಾರಕ್ಕೆ ಕುತ್ತಿಗೆ ಕೊಡಲು ನಾನು ಸಿದ್ಧನಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಘಾಟಿಯ ಸಂಚಾರ ನಿಂತಾಗ ವಾಹನಗಳು ಚಾರ್ಮಾಡಿಯ ಕಡೆಗೆ ತಿರುಗಿದವು, ನನ್ನ ಫೋನ್ ಸುಮ್ಮನಾಯಿತು. ಮಳೆ ಹೆಚ್ಚಾದರೆ ನಮಗೆ ಕೆಲಸ ಹೆಚ್ಚು, ತೀರಾ ಹೆಚ್ಚಾದರೆ ಕೆಲಸವೇ ಇಲ್ಲ. ಅಂಥ ತಿಂಗಳಲ್ಲಿ ಗಾಡಿಯ ಕಂತನ್ನೇ ಹೊಂದಿಸಲು ಒದ್ದಾಡಿದವನಿಗೆ ಇನ್ನೊಂದು ಕಂತು ಬೇಡ. ಸ್ಕೂಟರ್ ಸಾಕೆಂದು ಸ್ನೇಹಿತರು ಹೇಳಿದರು. ಅವರಾರೂ ಅಮ್ಮನನ್ನು ಜೂನ್ ತಿಂಗಳಲ್ಲಿ ಸ್ಕೂಟರಿನ ಹಿಂದೆ ಕೂರಿಸಿದವರಲ್ಲ.

ಆದ್ದರಿಂದ ಸಾಲವಿಲ್ಲದೆ, ಮೂರು ಲಕ್ಷದೊಳಗೆ, ಆರೇಳು ವರ್ಷ ಹಳೆಯ ಕಾರನ್ನು ಹುಡುಕುತ್ತಿದ್ದೇನೆ. ಆರ್‌ಸಿ, ಅಂದರೆ ನೋಂದಣಿ ಪತ್ರ, ಹದಿನೈದು ವರ್ಷದ್ದಾದ್ದರಿಂದ ಇನ್ನೂ ಎಂಟು ವರ್ಷ ಓಡಿಸಬಹುದು. ಕರ್ನಾಟಕದಲ್ಲೇ ನೋಂದಣಿಯಾದ ಕಾರನ್ನಷ್ಟೇ ನೋಡುತ್ತೇನೆ, ಹೊರರಾಜ್ಯದ್ದಾದರೆ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಎಂಜಿನ್ 1,000 ಸಿಸಿಯೊಳಗಿದ್ದರೆ ಥರ್ಡ್ ಪಾರ್ಟಿ ವಿಮೆ ಜಿಎಸ್‌ಟಿ ಬಿಟ್ಟು ವರ್ಷಕ್ಕೆ 2,094 ರೂಪಾಯಿ, ಅದನ್ನು ದಾಟಿ 1,500ರವರೆಗಾದರೆ 3,416. ಎಷ್ಟೋ ಕಾರುಗಳನ್ನು ಬೆನ್ನ ಮೇಲೆ ಹೊತ್ತು ತಂದವನಾದ್ದರಿಂದ ಯಾವುದು ಎಲ್ಲಿ ಕೈಕೊಡುತ್ತದೆಂಬ ಅಂದಾಜು ನನಗಿದೆ. ಏರಿನಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ, ಹೆಡ್‌ಗ್ಯಾಸ್ಕೆಟ್ ಹೋಗಿ ಕೂಲೆಂಟಿನಲ್ಲಿ ತೇಲುವ ಎಣ್ಣೆ, ಕಾರ್ಪೆಟ್ ಎತ್ತಿದರೆ ಕಾಣುವ ತುಕ್ಕು, ಈ ಮೂರನ್ನು ನೋಡದೆ ಯಾವ ಕಾರಿಗೂ ಮುಂಗಡ ಕೊಡುವುದಿಲ್ಲ.

ಹಾಸನದಲ್ಲಿ 2018ರ ಒಂದು ವ್ಯಾಗನ್ ಆರ್ ಇದೆಯೆಂದು ತಿಳಿದು ಭಾನುವಾರ ಹೋಗುತ್ತಿದ್ದೇವೆ. ಅದರ ಬಾಗಿಲಿನ ಎತ್ತರ ಅಮ್ಮನಿಗೆ ಹೊಂದುತ್ತದೆಯೇ ಎಂದು ತಿಳಿಯಬೇಕಾದ್ದರಿಂದ ಅವರನ್ನೂ ಕರೆದೊಯ್ಯಬೇಕು. ಮಗಳು ಬಸ್ಸಿನಲ್ಲಿ ಬರುತ್ತಾಳೆ.