ಕಾಲ್ಚೀಲದಲ್ಲಿದ್ದ ಮೌತ್‌ಗಾರ್ಡ್

ಗೋಣಿಕೊಪ್ಪದ ಹತ್ತಿರ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್ ಇದೆ. ಕೊಡಗಿನಲ್ಲಿ ಹಲ್ಲಿನ ಡಾಕ್ಟರ್ ಆದ ಮೇಲೆ ಹಾಕಿಯಿಂದ ದೂರ ಇರುವ ಹಾಗಿಲ್ಲ. ಏಪ್ರಿಲ್ ಬಂತು ಅಂದರೆ ಬೇಸಿಗೆ ಶಿಬಿರಗಳು, ಜೊತೆಗೆ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬಕ್ಕೆ ಈಗ 300ಕ್ಕೂ ಹೆಚ್ಚು ಕುಟುಂಬಗಳು ತಂಡ ಕಟ್ಟಿಕೊಂಡು ಬಂದದ್ದುಂಟು. ಆ ಎರಡು ತಿಂಗಳು ಮುಂದಿನ ಹಲ್ಲಿಗೆ ಪೆಟ್ಟು ಮಾಡಿಕೊಂಡ ಮಕ್ಕಳು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಇಂಥ ಪೆಟ್ಟು ತಡೆಯಲು ಆಡುವಾಗ ಮೇಲಿನ ಹಲ್ಲುಗಳಿಗೆ ಹಾಕಿಕೊಳ್ಳುವ ಮೆತ್ತನೆ ಕವಚವೇ ಮೌತ್‌ಗಾರ್ಡ್.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಒಬ್ಬರು ತಮ್ಮ 13 ವರ್ಷದ ಮಗನನ್ನು ಕರೆದುಕೊಂಡು ಬಂದರು. ತುಟಿ ಊದಿಕೊಂಡಿತ್ತು, ಜೆರ್ಸಿ ತುಂಬಾ ರಕ್ತ. ಅಪ್ಪ ಜೇಬಿನಿಂದ ಕರ್ಚೀಫ್ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಒಂದು ಇಡೀ ಹಲ್ಲು, ಬೇರಿನ ಸಮೇತ. ಪೂರ್ತಿ ಒಣಗಿತ್ತು. ಬಿದ್ದು ಎರಡು ಗಂಟೆ ಆಗಿತ್ತಂತೆ, ಮಣ್ಣಾಗಿದೆ ಅಂತ ನಲ್ಲಿ ಕೆಳಗೆ ಚೆನ್ನಾಗಿ ಉಜ್ಜಿ ತೊಳೆದೂ ಇದ್ದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಆದರೆ ಬೇರಿನ ಮೇಲಿರುವ ಜೀವಕೋಶಗಳು ಉಳಿದಿದ್ದರೆ ತಾನೇ ಹಲ್ಲು ಮತ್ತೆ ಮೂಳೆಗೆ ಸರಿಯಾಗಿ ಕೂಡಿಕೊಳ್ಳುವುದು. ಒಣಗಿದರೂ ಸಾಯುತ್ತವೆ, ಉಜ್ಜಿದರೂ ಸಾಯುತ್ತವೆ. ಆದರೂ ಹಲ್ಲನ್ನು ಜಾಗಕ್ಕೆ ಕೂರಿಸಿ ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿದೆ. ಇದು ಜಾಸ್ತಿ ವರ್ಷ ಬರುವುದು ಕಷ್ಟ ಅಂತ ಅಪ್ಪನಿಗೆ ಹೇಳಲೇಬೇಕಾಯಿತು. ದವಡೆ ಇನ್ನೂ ಬೆಳೆಯುವ ವಯಸ್ಸು, ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಹಾಕಬೇಕು ಅಂದರೂ ಬೆಳವಣಿಗೆ ನಿಲ್ಲುವ ತನಕ ಕಾಯಬೇಕು.

ಎಲ್ಲಾ ಮುಗಿದ ಮೇಲೆ ಕೇಳಿದೆ: "ಮೌತ್‌ಗಾರ್ಡ್ ಇರಲಿಲ್ವಾ ಮಗಾ?" ಹುಡುಗ ಬಗ್ಗಿ, ಮೊಣಕಾಲ ಕೆಳಗೆ ಕಟ್ಟುವ ಶಿನ್ ಗಾರ್ಡ್ ಪಕ್ಕದಲ್ಲಿ ಕಾಲ್ಚೀಲದೊಳಗೆ ಕೈ ಹಾಕಿ, ಕೆಂಪು ಮೌತ್‌ಗಾರ್ಡ್ ಒಂದನ್ನು ತೆಗೆದು ತೋರಿಸಿದ.

ಅಂಗಡಿಯಿಂದ ತಂದು ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಬಗೆಯದ್ದು. ಯಾಕೆ ಹಾಕಿಕೊಳ್ಳಲಿಲ್ಲ ಅಂತ ಕೇಳಿದರೆ, "ಹಾಕ್ಕೊಂಡ್ರೆ ಕೂಗಕ್ಕಾಗಲ್ಲ ಮೇಡಂ, ಬಾಯಿ ತೆಗೆದ್ರೆ ಬಿದ್ದೋಗುತ್ತೆ" ಅಂದ. ಆ ಮಾತು ನನ್ನ ಕೆಲಸವನ್ನೇ ಬದಲಾಯಿಸಿತು. ಹಾಕಿ ಅಂದರೆ ಬರೀ ಓಡುವುದು ಅಷ್ಟೇ ಅಲ್ಲ, ಪಾಸ್ ಕೊಡು, ಹಿಂದೆ ಬಾ ಅಂತ ಉದ್ದಕ್ಕೂ ಕೂಗುತ್ತಲೇ ಇರಬೇಕು. ಹಲ್ಲು ಕಚ್ಚಿ ಹಿಡಿದರೆ ಮಾತ್ರ ಬಾಯಲ್ಲಿ ನಿಲ್ಲುವ ವಸ್ತುವನ್ನು ಯಾವ ಮಗು ಹಾಕಿಕೊಂಡು ಆಡುತ್ತೆ? ಅಲ್ಲಿಯ ತನಕ ನಾನು ಅಪ್ಪ ಅಮ್ಮಂದಿರಿಗೆ ದಪ್ಪ, ಗಟ್ಟಿ, ಪೆಟ್ಟು ತಡೆಯುವ ಶಕ್ತಿ ಅಂತೆಲ್ಲ ಹೇಳುತ್ತಿದ್ದೆ. ಸುಳ್ಳೇನಲ್ಲ. ಮಗುವಿನ ಹಲ್ಲಿನ ಅಳತೆಗೆ ಮಾಡಿದ ಮೌತ್‌ಗಾರ್ಡ್‌ನ ದೊಡ್ಡ ಲಾಭ ಮಾತ್ರ ಬೇರೆ: ಅದು ತಾನಾಗಿಯೇ ಮೇಲಿನ ಹಲ್ಲಿಗೆ ಕಚ್ಚಿಕೊಂಡು ಕೂರುತ್ತದೆ, ಹಾಗಾಗಿ ಮಗು ಅದನ್ನು ತೆಗೆದಿಡುವುದಿಲ್ಲ.

ಮಾಡುವ ಕ್ರಮ ದೊಡ್ಡದೇನಲ್ಲ. ಮೊದಲು ಆಲ್ಜಿನೇಟ್ ಅನ್ನುವ ಅಚ್ಚು ತೆಗೆಯುವ ಪುಡಿಯನ್ನು ನೀರಿನಲ್ಲಿ ಕಲಸಿ, ಟ್ರೇಗೆ ಹಾಕಿ ಮೇಲಿನ ದವಡೆಯ ಅಳತೆ ತೆಗೆಯುತ್ತೇವೆ. ಒಂದೆರಡು ನಿಮಿಷ ಅಷ್ಟೇ, ವಾಕರಿಕೆ ಬರುವ ಮಕ್ಕಳಿಗೆ ಮುಂದೆ ಬಗ್ಗಿ ಮೂಗಿನಲ್ಲಿ ಉಸಿರಾಡು ಅಂತ ಹೇಳಿದರೆ ಸಾಕು. ಆ ಅಚ್ಚಿಗೆ ಸ್ಟೋನ್ ಅನ್ನುವ ಗಟ್ಟಿ ಜಿಪ್ಸಮ್ ಕಲಸಿ ಸುರಿದರೆ ಮಗುವಿನ ಹಲ್ಲಿನ ಪಡಿಯಚ್ಚು ಸಿಗುತ್ತದೆ. ಅದರ ಮೇಲೆ ಇವಿಎ ಅನ್ನುವ ಮೆತ್ತನೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅದು ನಡುವೆ ಜೋತುಬೀಳುವ ಹೊತ್ತಿಗೆ ಮೆಷಿನ್ನಿನಲ್ಲಿ ಗಾಳಿ ಎಳೆದು ಕೂರಿಸುತ್ತೇವೆ. ನಾನು ಹಾಕಿಗೆ 4 ಮಿಲಿಮೀಟರ್ ಹಾಳೆ ಬಳಸುತ್ತೇನೆ, ಎಳೆದಾಗ ಮುಂಭಾಗದಲ್ಲಿ ತೆಳ್ಳಗಾಗುತ್ತದೆ, ಕೊನೆಗೆ 3 ಉಳಿಯಬೇಕು. ಬಿಸಿನೀರಿನದ್ದರಲ್ಲಿ ಮಗು ಜೋರಾಗಿ ಕಚ್ಚಿಬಿಟ್ಟರೆ ಬೇಕಾದ ಕಡೆಯೇ ಕಾಗದದಷ್ಟು ತೆಳ್ಳಗಾಗಿರುತ್ತದೆ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಕದ ಗಟ್ಟಿ ಚೆಂಡು, ಅದರ ಮುಂದೆ ಅದು ಏನು ತಡೆದೀತು?

ನಿಜವಾದ ಕೆಲಸ ಇರುವುದು ಕತ್ತರಿಸುವುದರಲ್ಲಿ. ಮೇಲ್ತುಟಿಯನ್ನು ವಸಡಿಗೆ ಕಟ್ಟಿಹಾಕಿದಂತಿರುವ ಸಣ್ಣ ಮಡಿಕೆ ಇದೆಯಲ್ಲ, ನಾಲಿಗೆಯಲ್ಲಿ ಮುಟ್ಟಿ ನೋಡಿ, ಅಲ್ಲಿ ಅಂಚು ಒತ್ತಿದರೆ ಅರ್ಧ ಗಂಟೆಗೆ ಹುಣ್ಣು. ಅಲ್ಲಿ ಒಂದು ಸಣ್ಣ ಕಚ್ಚು ಬಿಡಬೇಕು. ಅಂಗುಳಿನ ಕಡೆಯ ಅಂಚನ್ನು ತೆಳ್ಳಗೆ ಇಳಿಸದಿದ್ದರೆ ಮಾತು ತೊದಲುತ್ತದೆ. ಆಮೇಲೆ ಕೆಳಗಿನ ಹಲ್ಲುಗಳು ಎರಡೂ ಕಡೆ ಸಮವಾಗಿ ತಾಗುತ್ತವಾ ಅಂತ ನೋಡಬೇಕು.

ಇಷ್ಟೆಲ್ಲ ಕಲಿತೆ ಅಂದುಕೊಂಡ ಮೇಲೂ ಒಂದು ತಪ್ಪು ಮಾಡಿದೆ, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. 11 ವರ್ಷದ ಹುಡುಗಿಗೆ ಚಂದದ ಮೌತ್‌ಗಾರ್ಡ್ ಮಾಡಿಕೊಟ್ಟೆ. ಮುಂದಿನ ಬೇಸಿಗೆಗೆ ಅವಳು ಬಂದದ್ದು ಚೂರಾದ ಬಾಚಿಹಲ್ಲಿನ ಜೊತೆ. ಆ ವಯಸ್ಸಿನಲ್ಲಿ ಕೋರೆಹಲ್ಲು ಇಳಿಯುವ ಸಮಯ, ಹಲ್ಲುಗಳ ಜಾಗವೇ ಬದಲಾಗುತ್ತಿರುತ್ತದೆ. ಹಳೆಯದು ಕೂರುತ್ತಿರಲಿಲ್ಲ, ನೋವಾಗುತ್ತಿತ್ತು, ಬ್ಯಾಗಿನಲ್ಲಿಟ್ಟಿದ್ದಳು. ಆರು ತಿಂಗಳಿಗೆ ಒಮ್ಮೆ ತೋರಿಸಿ ಅಂತ ನಾನು ಅವರ ಅಮ್ಮನಿಗೆ ಒಂದು ಮಾತು ಹೇಳಿರಲಿಲ್ಲ. ಆ ಒಂದು ವಾಕ್ಯಕ್ಕೆ ಆ ಮಗು ರೂಟ್ ಕೆನಾಲ್ ಮಾಡಿಸಿಕೊಳ್ಳಬೇಕಾಯಿತು.

ಈಗ ಹಲ್ಲು ಬದಲಾಗುವ ಮಕ್ಕಳಿಗೆ ಹೊಸ ಹಲ್ಲು ಇಳಿಯುವ ಕಡೆ ಅಚ್ಚಿನ ಮೇಲೆ ಸ್ವಲ್ಪ ಜಾಗ ಬಿಟ್ಟು ಮಾಡುತ್ತೇನೆ, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೂ ಅಷ್ಟೇ. ಆದರೂ ವರ್ಷಕ್ಕೊಂದು ಹೊಸದು ಬೇಕಾಗಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ. ಖರ್ಚು ಅಂಗಡಿಯದ್ದಕ್ಕಿಂತ ಜಾಸ್ತಿಯೇ, ಅದನ್ನೂ ಮುಚ್ಚಿಡುವುದಿಲ್ಲ. ಮೇಲಿನ ಹಲ್ಲು ಉಬ್ಬಿರುವ ಮಕ್ಕಳಿಗೆ ಪೆಟ್ಟಿನ ಅಪಾಯ ಜಾಸ್ತಿ, ದುಡ್ಡು ಕಷ್ಟ ಅಂದರೆ ಕೊನೇಪಕ್ಷ ಅವರಿಗೆ ಮೊದಲು ಮಾಡಿಸಿ. ತಲೆಗೆ ಬೀಳುವ ಪೆಟ್ಟಿನಿಂದ ಮಿದುಳನ್ನು ಕಾಪಾಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಇದು ಹಲ್ಲು, ತುಟಿ, ಕೆನ್ನೆಗೆ ಮಾತ್ರ. ತಣ್ಣೀರಿನಲ್ಲಿ ತೊಳೆದು ತೂತಿರುವ ಡಬ್ಬಿಯಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಆಕಾರ ಕೆಡುತ್ತದೆ.

ಶಿಬಿರದ ಕೋಚ್‌ಗಳಿಗೂ ಹೇಳುತ್ತೇನೆ: ದೊಡ್ಡವರ ಹಲ್ಲು ಬಂದ ಮಗುವಿನ ಹಲ್ಲು ಬಿದ್ದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು, ಮಣ್ಣಾಗಿದ್ದರೆ ನೀರಿನಲ್ಲಿ ಒಮ್ಮೆ ಆಡಿಸಿ, ಸಾಧ್ಯವಾದರೆ ಅಲ್ಲೇ ಜಾಗಕ್ಕೆ ಕೂರಿಸಿ, ಇಲ್ಲಾಂದರೆ ತಣ್ಣನೆ ಹಾಲಿನಲ್ಲಿ ಹಾಕಿ ಓಡಿ ಬನ್ನಿ. ಅರ್ಧ ಗಂಟೆಯೊಳಗೆ ಬಂದರೆ ಬಹಳ ಒಳ್ಳೆಯದು. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬಾರದು.

ಮೌತ್‌ಗಾರ್ಡ್ ಕೊಡುವ ದಿನ ನನ್ನದೊಂದು ಪರೀಕ್ಷೆ ಇದೆ. ಮಗು ಅದನ್ನು ಹಾಕಿಕೊಂಡು ಒಂದು ಲೋಟ ನೀರು ಕುಡಿಯಬೇಕು, ಆಮೇಲೆ ಬಾಗಿಲ ಹತ್ತಿರ ನಿಂತು ಹೊರಗೆ ಗೇಟಿನ ಬಳಿ ಇರುವ ಅಪ್ಪನನ್ನೋ ಅಮ್ಮನನ್ನೋ ಮೈದಾನದಲ್ಲಿ ಕೂಗುವ ಹಾಗೆ ಕೂಗಬೇಕು. ಅವರಿಗೆ ಮಾತು ಅರ್ಥವಾಗದಿದ್ದರೆ, ಮೌತ್‌ಗಾರ್ಡ್ ಮತ್ತೆ ನನ್ನ ಮೇಜಿಗೆ ಬರುತ್ತದೆ.